ಮೆತ್ತಗಿನ ಹಾದಿ

ಗೂಡು ಎನ್ನುವಂಥದ್ದೇನೂ ಇಲ್ಲ.
ಹುಲ್ಲೆಳೆಯಿಲ್ಲ, ಗರಿಯ ಹಾಸಿಲ್ಲ.
ಎದೆಯೊತ್ತಿ ಒಂದು ಸುತ್ತು ತಿರುಗಿದರೆ
ಜಲ್ಲಿಯಲ್ಲಿ ಬೀಳುತ್ತದಲ್ಲ ಒಂದು ತಗ್ಗು,
ಮಗುವಿನ ಅಂಗೈಯಷ್ಟು,
ಅದರಲ್ಲಿ ಒಂದೇ ಮೊಟ್ಟೆ.

ಬೇರೆ ಹಕ್ಕಿಗಳು ಎರಡಿಡುತ್ತವೆ, ಮೂರಿಡುತ್ತವೆ,
ಹೋಗುವುದಕ್ಕೊಂದು, ಉಳಿಯುವುದಕ್ಕೊಂದು.
ಡಮಾರಾ ರೀವಕ್ಕೆ ಆ ಲೆಕ್ಕ ಗೊತ್ತಿಲ್ಲ.

ನಮೀಬಿಯಾದ ಕಡಲು ತಣ್ಣಗೆ, ಮೀನು ತುಂಬಿ ಮಿನುಗುತ್ತದೆ.
ಆದರೆ ದಂಡೆಗುಂಟ ನರಿಗಳ ಓಡಾಟ,
ಸತ್ತ ಸೀಲ್ ಮರಿಗಳ ವಾಸನೆ ಹಿಡಿದು.
ಅದಕ್ಕೇ ಈ ಹಕ್ಕಿ ಅಲೆಯ ಸದ್ದಿಗೆ ಬೆನ್ನು ಹಾಕಿ
ಒಂದೆರಡು ಮೈಲಿ ಮರಳುಗಾಡಿನೊಳಗೆ ಬರುತ್ತದೆ,
ನೆರಳೆಂದರೆ ತನ್ನದೊಂದೇ ಇರುವಲ್ಲಿಗೆ.

ತೂಕ ಐವತ್ತು ಗ್ರಾಂ, ಸವೆದ ಸೋಪಿನಷ್ಟು.
ಕಪ್ಪು ಟೊಪ್ಪಿಯನ್ನು ಕೊಕ್ಕಿನವರೆಗೂ ಎಳೆದುಕೊಂಡಿರುತ್ತದೆ.
ಆಫ್ರಿಕಾನ್ಸಿನಲ್ಲಿ ಇದರ ಹೆಸರು ಪುಟ್ಟ ನಕ್ಷತ್ರ ಎಂದಳು ಅಪೊಲೊನಿಯಾ.
ತಲೆಯ ಮೇಲೆಯೇ ಹಾರಿ ಅದು ನಮ್ಮಿಬ್ಬರನ್ನೂ ಗದರಿತು.
"ನಕ್ಷತ್ರಕ್ಕೆ ಇಷ್ಟೊಂದು ಬೈಗುಳ ಬರುತ್ತದೆಯೇ?"

ಹನ್ನೊಂದು ವರ್ಷದಿಂದ ಅವಳು ಉಪ್ಪಿನ ಮಡಿಗಳ ಕೆಲಸದವಳು.
ನಾನು ಹಕ್ಕಿ ಎಣಿಸಲು ಹೋದವನು,
ಕೈಯಲ್ಲಿ ನೋಟ್‌ಬುಕ್ಕು, ಜಾಗ ಗುರುತಿಸುವ ಯಂತ್ರ.
"ಬರೆಯಬೇಡ" ಎಂದಳು.
ಯಾಕೆಂದು ಹೇಳಲು ಎರಡು ದಿನ ತೆಗೆದುಕೊಂಡಳು.

ಆ ಹಿಂದಿನ ವರ್ಷ, ಲಾರಿಯ ಹಾದಿಯ ಪಕ್ಕದಲ್ಲೇ ಮೊಟ್ಟೆ ಸಿಕ್ಕಿತ್ತು.
ಯಾರೂ ಹತ್ತಿಸದಿರಲಿ ಎಂದು ಸುತ್ತ ಏಳು ಬಿಳಿಗಲ್ಲು ಇಟ್ಟಳು.
ಚಾಲಕ ಹಮುಕ್ವಾಯಾ ನೋಡಿದ, ಬಳಸಿಕೊಂಡು ಹೋದ.
ಮೂರನೆಯ ಬೆಳಿಗ್ಗೆ ಮಂಜು. ಮಂಜು ಸರಿದಾಗ
ನರಿಯ ಹೆಜ್ಜೆ: ಅತ್ತಿತ್ತ ಅಲೆದದ್ದಲ್ಲ,
ಕಡಲಿಂದ ನೆಟ್ಟಗೆ, ಕರೆದ ಮನೆಗೆ ಬಂದಂತೆ.
ಒದ್ದೆಯಾದ ಏಳು ಕಲ್ಲು. ನಡುವೆ ಚಿಪ್ಪಿನ ಚೂರೂ ಇಲ್ಲ.

ಹದಿನೈದು ದಿನಕ್ಕೆ ಹಕ್ಕಿ ಇನ್ನೊಂದಿಟ್ಟಿತು,
ನೂರು ಹೆಜ್ಜೆ ಆಚೆ.
ಈ ಸಲ ಅವಳು ಏನನ್ನೂ ಇಡಲಿಲ್ಲ.
ನಿಲ್ಲಲಿಲ್ಲ, ಬಗ್ಗಲಿಲ್ಲ,
ಉಪ್ಪಿನ ಬುಟ್ಟಿ ಹೊತ್ತು ಅದೇ ಚುರುಕಿನಲ್ಲಿ ದಾಟಿದಳು,
ಕಣ್ಣಂಚಿನಲ್ಲಿ ಮಾತ್ರ ಒಮ್ಮೆ ಮುಟ್ಟಿ.

ಹಮುಕ್ವಾಯಾನಿಗೆ ಹೇಳಿದ್ದು ಇಷ್ಟೇ:
ತುಕ್ಕು ಹಿಡಿದ ಡ್ರಮ್ಮು ಸಿಗುವ ಮೊದಲೇ ಎಡಕ್ಕೆ ತಿರುಗು.
"ಯಾಕೆ?"
"ಹಾದಿ ಮೆತ್ತಗಾಗಿದೆ."
ಜಲ್ಲಿನೆಲ ಕಬ್ಬಿಣದಂತಿತ್ತು. ಅವನು ತಿರುಗಿದ.
ಡಿಸೆಂಬರಿನ ರಜೆಗೆ ನಾಲ್ಕು ಗಾಲಿಯ ಬೈಕುಗಳಲ್ಲಿ
ಕೂಗಾಡುತ್ತ ಬಂದ ಪಟ್ಟಣದ ಹುಡುಗರಿಗೂ ಅದನ್ನೇ ಹೇಳಿದಳು,
ಜೊತೆಗೆ, ಕಳೆದ ತಿಂಗಳು ಒಂದು ಗಾಡಿ ಇಡೀ ಮುಳುಗಿತೆಂದೂ.

ಮರಿ ಒಡೆದು ಬಂತು, ಜಲ್ಲಿಯದೇ ಬಣ್ಣ ಉಟ್ಟು.
ಅಪಾಯದ ಕೂಗು ಕೇಳಿದರೆ ನೆಲಕ್ಕಂಟಿ ಕಲ್ಲಾಗುತ್ತಿತ್ತು.
ತಾಯಿಯೋ ತಂದೆಯೋ, ನಮಗೆ ಬೇರೆ ಮಾಡಲಾಗದು,
ಒಂದು ಸಲಕ್ಕೆ ಒಂದೇ ಮೀನು ತರುತ್ತಿತ್ತು,
ಕೆಲವೊಮ್ಮೆ ಮರಿಗಿಂತ ಉದ್ದದ್ದು.
ನುಂಗಿ ಸುಸ್ತಾಗಿ, ಬಾಲ ಬಾಯಿಂದ ಹೊರಗೇ ಇಟ್ಟುಕೊಂಡು
ಅದು ಸ್ವಲ್ಪ ಹೊತ್ತು ಯೋಚಿಸುತ್ತ ಕೂತಿರುತ್ತಿತ್ತಂತೆ.

ಚಳಿ ಬೀಳುವ ಮೊದಲು ಎಲ್ಲವೂ ಹೊರಟವು,
ಗಿನಿ ಕೊಲ್ಲಿಯ ಬೆಚ್ಚನೆ ನೀರಿಗೆ, ಘಾನಾಕ್ಕೆ, ನೈಜೀರಿಯಾಕ್ಕೆ,
ಸಾವಿರಾರು ಮೈಲಿ, ಸವೆದ ಸೋಪಿನ ತುಂಡುಗಳು.

ಊಟದ ಹೊತ್ತಿನಲ್ಲಿ ಹಮುಕ್ವಾಯಾ ಕೇಳಿದನಂತೆ:
"ಹೋಯಿತೇ?"
"ಯಾವುದು?"
"ಆ ಮೆತ್ತಗಿನ ಹಾದಿ."
ಅವಳು ಬ್ರೆಡ್ಡು ಮುರಿದು ಅರ್ಧ ಅವನಿಗೆ ಕೊಟ್ಟಳು.
"ಗಟ್ಟಿಯಾಯಿತು."

ಇಲ್ಲಿ ಮಳೆಯಿಲ್ಲ. ಚಕ್ರದ ಗುರುತು
ಓಡಿಸಿದವನಿಗಿಂತ ಹೆಚ್ಚು ಕಾಲ ಬಾಳುತ್ತದೆ.
ಡ್ರಮ್ಮಿನ ಈಚೆ ಆ ತಿರುವು ಇನ್ನೂ ಇದೆ,
ಏನೂ ಇಲ್ಲದ ನೆಲವನ್ನು ಬಳಸಿ ಹೋದ ಒಂದು ಬಾಗು.
ಹೊಸ ಚಾಲಕರೂ ಅಲ್ಲೇ ತಿರುಗುತ್ತಾರೆ,
ಕೇಳಿದರೆ, ಹಾದಿಯೇ ಹಾಗಿದೆ ಅನ್ನುತ್ತಾರೆ.

ನನ್ನ ನೋಟ್‌ಬುಕ್ಕಿನಲ್ಲಿ ಆ ದಿನಾಂಕದ ಮುಂದೆ
ಮೊಟ್ಟೆ: ಒಂದು.
ಜಾಗ: